ಮುಸುರೆ ತಿಕ್ಕುವ ಕೈಗೊಂದು ನೂಲಿನ ಬಟ್ಟೆ

ಅನ್ನವನ್ನು ಕುರಿತು ನಮ್ಮ ಹಿರಿಯರು ಬಹಳವಾಗಿ ಹೇಳಿದ್ದಾರೆ. ಅದನ್ನು ಬೆಳೆದವರನ್ನು, ಬೇಯಿಸಿದವರನ್ನು, ಬಡಿಸಿದವರನ್ನು ನೆನೆಯುವ ಸಂಪ್ರದಾಯವು ನಮ್ಮ ಮನೆಗಳಲ್ಲಿಯೂ ಮಠಗಳಲ್ಲಿಯೂ ಇಂದಿಗೂ ಉಳಿದು ಬಂದಿದೆ. ಆದರೆ ಎಲ್ಲರೂ ಉಂಡೆದ್ದ ಮೇಲೆ ಬಚ್ಚಲ ಬದಿಯಲ್ಲಿ ರಾಶಿಯಾಗಿ ಉಳಿಯುವ ಮುಸುರೆ ಪಾತ್ರೆಗಳನ್ನು ತಿಕ್ಕಿ ಬೆಳಗುವ ಕೈಯನ್ನು ನೆನೆದವರು ವಿರಳ. ಈ ಲೇಖನವು ಆ ಕೈಯನ್ನು ಕುರಿತದ್ದು. ಆ ಕೈಗೆ ಒಪ್ಪುವಂತಹ ಒಂದು ಸಣ್ಣ ಸಾಧನವನ್ನು, ಎಂದರೆ ಕ್ರೋಷಾ ಕಡ್ಡಿಯಿಂದ ಹತ್ತಿಯ ನೂಲಿನಲ್ಲಿ ಉಬ್ಬುತಗ್ಗಾಗಿ ಹೆಣೆದ ತಿಕ್ಕುಬಟ್ಟೆಯನ್ನು ಕುರಿತದ್ದು. ವಿಷಯವು ತೀರ ಚಿಕ್ಕದೆಂದು ಸಹೃದಯ ಓದುಗರು ಪುಟ ಮಗುಚದಿರಲಿ ಎಂಬುದೇ ಮೊದಲ ಪ್ರಾರ್ಥನೆ.

ತಂತಿಯ ನಾರು, ಬೆರಳಿನ ಗಾಯ

ನಾನು ಸೇವೆಯಿಂದ ನಿವೃತ್ತನಾದ ಮೇಲೆ ಮಗನ ಮನೆಯಲ್ಲಿರಲೆಂದು ಬೆಂಗಳೂರಿನ ಉತ್ತರ ದಿಕ್ಕಿನ ತಣಿಸಂದ್ರಕ್ಕೆ ಬಂದು ನೆಲೆಸಿದೆ. ಒಂದು ಕಾಲಕ್ಕೆ ಹೊಲ ತೋಟಗಳಿದ್ದ ಈ ಊರಿನಲ್ಲಿ ಇಂದು ಎತ್ತ ನೋಡಿದರೂ ಬಹುಮಹಡಿಯ ಮನೆಗಳು. ಆ ಮನೆಗಳ ಪಾತ್ರೆ ತೊಳೆಯುವವರಲ್ಲಿ ಅನೇಕರು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಕೂಲಿ ಅರಸಿ ಬಂದ ತಾಯಂದಿರು. ನಮ್ಮ ಮನೆಗೆ ಬರುವ ತಾಯಿಯೂ ಆ ಸೀಮೆಯವರೇ. ದಿನಕ್ಕೆ ಐದು ಮನೆಗಳ ಮುಸುರೆಯನ್ನು ಅವರು ತಿಕ್ಕುತ್ತಾರೆ.

ಒಂದು ದಿನ ಬೆಳಗಿನ ಹೊತ್ತು ನನ್ನ ಗೃಹಿಣಿ ಅವರ ಕೈಯನ್ನು ಹಿಡಿದು ನೋಡುತ್ತಿದ್ದುದು ಕಣ್ಣಿಗೆ ಬಿತ್ತು. ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು. ಸಾಬೂನಿನ ನೀರಿನಲ್ಲಿ ನೆನೆದು ಬಿಳಿಚಿಕೊಂಡ ಚರ್ಮ. ಹೆಬ್ಬೆರಳಿನ ಉಗುರಿನ ಬದಿಯಲ್ಲಿ ಬಾವು. "ಈ ತಂತಿ ನಾರು ಬ್ಯಾಡ್ರಿ ಅಮ್ಮಾರೆ, ಬೆರಳಿಗಿ ಚುಚ್ತದ್ರಿ," ಎಂದು ಅವರು ಸಂಕೋಚದಿಂದ ಹೇಳಿದರು. ನಾಲ್ಕು ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದ್ದವರು ಆ ಮಾತನ್ನು ಹೇಳಲು ಅಷ್ಟು ಕಾಲ ಹಿಡಿಯಿತು. ಕೇಳಲು ನಮಗೂ ಅಷ್ಟೇ ಕಾಲ ಹಿಡಿಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಅಂದು ಸಂಜೆಯೇ ನಮ್ಮ ಮನೆಯವರು ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿ ತಮ್ಮ ಕ್ರೋಷಾ ಕಡ್ಡಿಗಳನ್ನು ಹೊರತೆಗೆದರು. ಮದುವೆಯಾದ ಹೊಸದರಲ್ಲಿ ಬಾಗಿಲ ತೋರಣ, ಮೇಜಿನ ಹಾಸು, ರೇಡಿಯೋದ ಮುಸುಕು ಎಂದು ಹೆಣೆದಿದ್ದ ಕೈ ಅದು. ಇಪ್ಪತ್ತು ವರ್ಷಗಳಿಂದ ಸುಮ್ಮನಿದ್ದ ಆ ಕೈ ಮತ್ತೆ ಕೆಲಸಕ್ಕೆ ತೊಡಗಿದ್ದು ಹೀಗೆ.

ಹಿಂದಿನ ಅಡುಗೆಮನೆಯ ಸಾಧನಗಳು

ಪಾತ್ರೆ ತಿಕ್ಕಲು ಅಂಗಡಿಯಿಂದ ಏನನ್ನಾದರೂ ಕೊಂಡು ತರಬೇಕೆಂಬ ಕಲ್ಪನೆಯೇ ನಮ್ಮ ಬಾಲ್ಯದಲ್ಲಿ ಇರಲಿಲ್ಲ. ತೆಂಗಿನ ನಾರಿನ ಗುಂಜು, ಒಲೆಯ ಬೂದಿ, ಹಿಂಡಿದ ಹುಣಿಸೆಹಣ್ಣಿನ ಚರಟ, ಅಂಟವಾಳದ ಕಾಯಿ, ಬಲಿತು ಒಣಗಿದ ಹೀರೆಕಾಯಿಯ ಬಲೆ ಇವೇ ಅಂದಿನ ಸಾಧನಗಳು. ಇವುಗಳ ಹಿಂದೆ ತಕ್ಕ ಕಾರಣವೂ ಇತ್ತು. ಸೌದೆಯ ಬೂದಿಯಲ್ಲಿರುವ ಕ್ಷಾರವು ಎಣ್ಣೆಯ ಜಿಡ್ಡಿನೊಡನೆ ಸೇರಿ ಸಾಬೂನಿನಂತೆ ವರ್ತಿಸುತ್ತದೆ. ಹುಣಿಸೆಯ ಹುಳಿಯು ತಾಮ್ರ ಹಿತ್ತಾಳೆಗಳ ಮೇಲಿನ ಕಿಲುಬನ್ನು ಕರಗಿಸುತ್ತದೆ. ನಾರು ಮತ್ತು ಹೀರೆಯ ಬಲೆಗಳು ಒರಟಾಗಿದ್ದು, ಅಂಟಿದ ಅಗುಳನ್ನು ಕೆರೆದು ತೆಗೆಯುತ್ತವೆ. ಕೆಲಸ ಮುಗಿದ ಮೇಲೆ ಅವೆಲ್ಲವೂ ತಿಪ್ಪೆಗೆ ಸೇರಿ ಮಣ್ಣಾಗುತ್ತಿದ್ದವು.

ಸೌದೆಯ ಒಲೆ ಹೋಗಿ ಗ್ಯಾಸಿನ ಒಲೆ ಬಂದಾಗ ಬೂದಿ ಹೋಯಿತು. ಹಿತ್ತಾಳೆ ಹೋಗಿ ಸ್ಟೀಲು ಬಂದಾಗ ಹುಣಿಸೆಗೆ ಕೆಲಸ ತಪ್ಪಿತು. ಹಿತ್ತಲು ಹೋಗಿ ಬಾಲ್ಕನಿ ಬಂದಾಗ ಹೀರೆಯ ಬಳ್ಳಿಯೂ ಇಲ್ಲವಾಯಿತು. ಆ ತೆರವಾದ ಜಾಗಕ್ಕೆ ಉಕ್ಕಿನ ತಂತಿಯ ನಾರೂ ಹಸಿರು ಬಣ್ಣದ ಸ್ಕ್ರಬ್ಬರೂ ಬಂದವು. ಅಮೆರಿಕದ ತ್ರೀ ಎಂ ಸಂಸ್ಥೆಯು ಸ್ಕಾಚ್ ಬ್ರೈಟ್ ಎಂಬ ಹೆಸರಿನಲ್ಲಿ ಇಂತಹ ಪದಾರ್ಥವನ್ನು ಮಾರುಕಟ್ಟೆಗೆ ತಂದದ್ದು ೧೯೫೮ರಲ್ಲಿ. ಹಸಿರು ಸ್ಕ್ರಬ್ಬರೆಂದರೆ ನೈಲಾನು ಪಾಲಿಯೆಸ್ಟರಿನಂತಹ ಕೃತಕ ಎಳೆಗಳಿಗೆ ಗಟ್ಟಿಯಾದ ಖನಿಜದ ಪುಡಿಯನ್ನು ಅಂಟಿನಿಂದ ಹಿಡಿಸಿದ ವಸ್ತು. ಅದು ಚೆನ್ನಾಗಿ ತಿಕ್ಕುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ತಿಕ್ಕುತ್ತ ತಿಕ್ಕುತ್ತ ತಾನೂ ಸವೆಯುತ್ತದೆ; ಸವೆದ ಎಳೆಯು ನೀರಿನೊಡನೆ ಹೋಗುತ್ತದೆ. ಉಕ್ಕಿನ ತಂತಿಯ ಚೂರಂತೂ ಮುರಿದು ಪಾತ್ರೆಯಲ್ಲಿಯೇ ಉಳಿಯುವ ಭಯವುಂಟು.

ಕೊಕ್ಕೆಯ ಕಲೆ ಬಂದ ದಾರಿ

ಕ್ರೋಷಾ ಎಂಬ ಪದಕ್ಕೆ ಮೂಲವು ಫ್ರೆಂಚ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಸಣ್ಣ ಕೊಕ್ಕೆ ಎಂದೇ. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಕಾದು ಕುಳಿತಿರುತ್ತವೆ. ಕ್ರೋಷಾದಲ್ಲಿ ಹಾಗಲ್ಲ. ಇಲ್ಲಿ ಒಂದೇ ಕೊಕ್ಕೆ; ಒಂದು ಕುಣಿಕೆಯನ್ನು ಪೂರ್ತಿಗೊಳಿಸಿಯೇ ಮುಂದಿನದಕ್ಕೆ ಹೋಗಬೇಕು. ಆದುದರಿಂದ ನಡುವೆ ಬಾಗಿಲ ಗಂಟೆ ಬಾರಿಸಿದರೂ, ಹಾಲು ಉಕ್ಕಿದರೂ ಕೆಲಸವನ್ನು ಹಾಗೆಯೇ ಕೆಳಗಿಟ್ಟು ಎದ್ದು ಹೋಗಬಹುದು. ಗೃಹಕೃತ್ಯದ ನಡುವೆ ಮಾಡಲು ಇಷ್ಟು ಅನುಕೂಲವಾದ ಕೈಗೆಲಸ ಬೇರೊಂದು ಸಿಗುವುದು ಕಷ್ಟ. ಈ ಹೆಣಿಗೆಯನ್ನು ಯಥಾವತ್ತಾಗಿ ಹೆಣೆಯುವ ಯಂತ್ರವೂ ರೂಢಿಗೆ ಬಂದಿಲ್ಲ. ಅಂಗಡಿಯಲ್ಲಿ ನಿಜವಾದ ಕ್ರೋಷಾ ವಸ್ತುವನ್ನು ಕಂಡರೆ ಅದು ಯಾರೋ ಒಬ್ಬರ ಕೈಯಿಂದ ಬಂದುದೆಂದೇ ತಿಳಿಯಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಈ ಕಲೆ ವ್ಯಾಪಕವಾಯಿತು. ಐರ್ಲೆಂಡ್ ದೇಶದಲ್ಲಿ ೧೮೪೫ರಿಂದ ಆಲೂಗೆಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ತಲೆದೋರಿದಾಗ ಅಲ್ಲಿಯ ಕ್ರೈಸ್ತ ಸಂನ್ಯಾಸಿನಿಯರ ಮಠಗಳು ಬಡ ಹೆಣ್ಣುಮಕ್ಕಳಿಗೆ ಕ್ರೋಷಾ ಲೇಸನ್ನು ಕಲಿಸಿ ಅನ್ನದ ದಾರಿ ತೋರಿಸಿದವು. ಅದೇ ಶತಮಾನದ ಮಧ್ಯಭಾಗದಲ್ಲಿ ಮಿಶನರಿಗಳ ಮೂಲಕ ಅದು ನಮ್ಮ ನೆರೆಯ ಆಂಧ್ರದ ಗೋದಾವರಿ ತೀರಕ್ಕೆ, ನರಸಾಪುರಕ್ಕೆ ಬಂದು ನೆಲೆ ನಿಂತಿತು. ನರಸಾಪುರದ ಮಾತನ್ನು ಮುಂದೆ ಇನ್ನೊಮ್ಮೆ ಎತ್ತಿಕೊಳ್ಳುತ್ತೇನೆ. ಅದರಲ್ಲಿ ನಮಗೊಂದು ಎಚ್ಚರಿಕೆಯ ಪಾಠವಿದೆ.

ಕಲೆ ಹೊರಗಿನಿಂದ ಬಂದಿರಬಹುದು. ನೂಲುವ, ಹೊಸೆಯುವ, ಹೆಣೆಯುವ ಬೆರಳುಗಳು ನಮ್ಮಲ್ಲಿ ಮೊದಲಿನಿಂದಲೂ ಇದ್ದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನವರು ಹುಲ್ಲನ್ನು ಹೊಸೆದು ಹಗ್ಗ ಮಾಡಿ ಮಾರಿ, ಬಂದ ಹಣದಿಂದ ದಾಸೋಹ ನಡೆಸಿದವರು. ಕದಿರ ರೆಮ್ಮವ್ವೆಯವರದು ನೂಲುವ ಕಾಯಕ. ಮಡಿವಾಳ ಮಾಚಿದೇವರದು ಬಟ್ಟೆ ತೊಳೆಯುವ ಕಾಯಕ. ಹೊಸೆಯುವುದನ್ನಾಗಲಿ ತೊಳೆಯುವುದನ್ನಾಗಲಿ ಕೀಳೆಂದು ಎಣಿಸದ ಪರಂಪರೆಯವರು ನಾವು ಎಂಬುದನ್ನು ಇಲ್ಲಿ ಜ್ಞಾಪಿಸಿದರೆ ಸಾಕು.

ಮೂರು ಪ್ರಯತ್ನಗಳು

ನಮ್ಮ ಮನೆಯವರ ಮೊದಲ ತಿಕ್ಕುಬಟ್ಟೆ ನೋಡಲು ಬಹು ಸುಂದರವಾಗಿತ್ತು. ಮೊಮ್ಮಗಳ ಸ್ವೆಟರಿಗೆ ತಂದು ಉಳಿದಿದ್ದ ಗುಲಾಬಿ ಬಣ್ಣದ ಅಕ್ರಿಲಿಕ್ ಉಲ್ಲನ್ನಿನಲ್ಲಿ ಅದನ್ನು ಹೆಣೆದಿದ್ದರು. ಅದು ನೀರನ್ನು ಹೀರಲಿಲ್ಲ. ಜಿಡ್ಡಿನ ಮೇಲೆ ಜಾರಿತು. ಅದಕ್ಕಿಂತ ಮುಖ್ಯವಾದ ದೋಷವನ್ನು ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳೇ ತೋರಿಸಿಕೊಟ್ಟಳು: "ಅಜ್ಜಿ, ಇದೂ ಪ್ಲಾಸ್ಟಿಕ್ಕೇ!" ಮಾತು ನಿಜ. ಅಕ್ರಿಲಿಕ್ ಎಂಬುದು ಉಣ್ಣೆಯಂತೆ ತೋರುವ, ಪೆಟ್ರೋಲಿಯಂ ಮೂಲದ ಎಳೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಕಳಚಿ ನೀರಿಗೆ ಸೇರಬಲ್ಲವು. ಒಗೆದರೇ ಹೀಗಾದರೆ ದಿನವೂ ಪಾತ್ರೆಗೆ ಉಜ್ಜಿದರೆ ಕಳಚದೆ ಇರುತ್ತದೆಯೇ? ಮನೆಯಲ್ಲಿ ಮಾಡಿದ ಮಾತ್ರಕ್ಕೆ ವಸ್ತು ನಿರ್ದೋಷಿಯಾಗುವುದಿಲ್ಲ ಎಂಬುದು ನಾವು ಕಲಿತ ಮೊದಲ ಪಾಠ.

ಎರಡನೆಯದನ್ನು ಹತ್ತಿಯ ದಪ್ಪ ನೂಲಿನಲ್ಲಿ, ಗಟ್ಟಿಯಾಗಿರಲೆಂದು ಎರಡು ಪದರ ಮಾಡಿ ಹೆಣೆದರು. ತಿಕ್ಕಲು ಚೆನ್ನಾಗಿತ್ತು. ಆದರೆ ಸಂಜೆಯಾದರೂ ಒಣಗಲಿಲ್ಲ. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಹೊಡೆಯಿತು.

ಮೂರನೆಯದು ಹತ್ತಿಯ ನೂಲಿನ ಒಂದೇ ಪದರ. ಹೆಣಿಗೆಯೂ ಸ್ವಲ್ಪ ಸಡಿಲ. ಅದನ್ನು ಬಳಸಿ ನೋಡಿದ ಆ ತಾಯಿ ಪಾತ್ರೆಗಳನ್ನೆಲ್ಲ ಬೋರಲು ಹಾಕಿ, ಕೈ ಒರೆಸಿಕೊಂಡು, "ಇದು ಕೈಯಾಗ ಕುಂದರ್ತದ್ರಿ ಅಮ್ಮಾರೆ," ಎಂದರು. ಪರೀಕ್ಷೆಯಲ್ಲಿ ಉತ್ತೀರ್ಣವಾದಂತೆಯೇ ಆಯಿತು.

ಹತ್ತಿಯೇ ಏಕೆ ಎಂಬುದಕ್ಕೆ ಶಾಸ್ತ್ರೀಯ ಕಾರಣವೂ ಇದೆ. ಹತ್ತಿಯ ಎಳೆ ಒಣಗಿದ್ದಾಗ ಇರುವುದಕ್ಕಿಂತ ಒದ್ದೆಯಾದಾಗ ಹೆಚ್ಚು ಗಟ್ಟಿ. ರೇಯಾನಿನ ಗುಣ ಇದಕ್ಕೆ ತದ್ವಿರುದ್ಧ. ಅದು ನೆನೆದರೆ ಬಹುಮಟ್ಟಿಗೆ ಬಲಗುಂದುತ್ತದೆ. ಮೇಲಾಗಿ ಹತ್ತಿಯನ್ನು ಕುದಿಯುವ ನೀರಿನಲ್ಲಿ ಹಾಕಬಹುದು, ಸವೆದು ಹೋದಾಗ ಹೂಕುಂಡದ ಮಣ್ಣಿಗೆ ಸೇರಿಸಬಹುದು. ಬೆಂಗಳೂರಿನವರಿಗೆ ಈ ನೂಲು ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಆಸುಪಾಸಿನ ನೂಲಿನ ಅಂಗಡಿಗಳಲ್ಲಿ ದೊರೆಯುತ್ತದೆ. ಕೊಳ್ಳುವಾಗ 'ಕಾಟನ್' ಎಂಬ ಮಾತನ್ನು ಅಂಗಡಿಯವರಿಂದ ಖಚಿತಪಡಿಸಿಕೊಳ್ಳಬೇಕು. ಸಂದೇಹವಿದ್ದರೆ ಒಂದು ಗೇಣು ನೂಲಿನ ತುದಿಗೆ ನೀರಿನ ತೊಟ್ಟಿಯ ಬಳಿ ಎಚ್ಚರಿಕೆಯಿಂದ ಬೆಂಕಿ ಮುಟ್ಟಿಸಿ ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ; ಕೃತಕ ಎಳೆ ಕರಗಿ ಗಟ್ಟಿಯಾದ ಕರಿ ಗುಂಡಾಗುತ್ತದೆ.

ಹೆಣೆಯುವ ಕ್ರಮ

ಕ್ರೋಷಾದ ಪರಿಚಯವಿರುವ ತಾಯಂದಿರಿಗೆ ಇದು ಎರಡು ಗಂಟೆಯ ಕೆಲಸ. ನಾಲ್ಕು ಮಿಲಿಮೀಟರಿನ ಕಡ್ಡಿ, ಸ್ವಲ್ಪ ದಪ್ಪನೆಯ ಹತ್ತಿಯ ನೂಲು ಮೂವತ್ತರಿಂದ ನಲವತ್ತು ಗ್ರಾಂ ಸಾಕು.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಪುಸ್ತಕಗಳು 'ಸಿಂಗಲ್ ಕ್ರೋಷಾ' ಎನ್ನುವುದನ್ನೇ ಇಂಗ್ಲೆಂಡಿನ ಪುಸ್ತಕಗಳು 'ಡಬಲ್ ಕ್ರೋಷಾ' ಎನ್ನುತ್ತವೆ. ಹೆಸರನ್ನು ನಂಬಿ ಹೆಣೆದವರು ಮೋಸ ಹೋಗುವುದುಂಟು. ಆದುದರಿಂದ ಇಲ್ಲಿ ಗಿಡ್ಡ ಕುಣಿಕೆ, ಉದ್ದ ಕುಣಿಕೆ ಎಂದು ಕರೆದು, ಮಾಡುವ ಬಗೆಯನ್ನೇ ವಿವರಿಸುತ್ತೇನೆ.

ಗಿಡ್ಡ ಕುಣಿಕೆ: ಕಡ್ಡಿಯನ್ನು ಕೆಳಗಿನ ಸಾಲಿನ ಕುಣಿಕೆಯೊಳಗೆ ತೂರಿಸಿ ನೂಲನ್ನು ಎಳೆದುಕೊಳ್ಳಬೇಕು. ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ನೂಲು ಸುತ್ತಿ ಎರಡರೊಳಗಿಂದಲೂ ಒಮ್ಮೆಲೇ ಎಳೆಯಬೇಕು.

ಉದ್ದ ಕುಣಿಕೆ: ಮೊದಲು ಕಡ್ಡಿಗೆ ನೂಲನ್ನು ಒಂದು ಸುತ್ತು ಸುತ್ತಿ, ಆಮೇಲೆ ತೂರಿಸಿ ನೂಲನ್ನು ಎಳೆದುಕೊಳ್ಳಬೇಕು. ಈಗ ಮೂರು ಕುಣಿಕೆಗಳಿರುತ್ತವೆ. ನೂಲು ಸುತ್ತಿ ಎರಡರೊಳಗಿಂದ, ಮತ್ತೆ ನೂಲು ಸುತ್ತಿ ಉಳಿದ ಎರಡರೊಳಗಿಂದ ಎಳೆಯಬೇಕು.

ಮೊದಲಿಗೆ ಇಪ್ಪತ್ತೈದು ಸರಪಳಿ ಹಾಕಿಕೊಳ್ಳಿ. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಗಿಡ್ಡ ಕುಣಿಕೆ, ಮುಂದಿನದರಲ್ಲಿ ಉದ್ದ ಕುಣಿಕೆ, ಮತ್ತೆ ಗಿಡ್ಡ, ಮತ್ತೆ ಉದ್ದ ಹೀಗೆ ಕೊನೆಯವರೆಗೂ ಹೆಣೆದರೆ ಇಪ್ಪತ್ತನಾಲ್ಕು ಕುಣಿಕೆಗಳಾಗುತ್ತವೆ. ಸಾಲು ಉದ್ದ ಕುಣಿಕೆಯಲ್ಲಿ ಮುಗಿಯುತ್ತದೆ. ಹೆಣಿಗೆಯನ್ನು ತಿರುಗಿಸಿ, ಒಂದು ಸರಪಳಿ ಹಾಕಿ, ಮತ್ತೆ ಗಿಡ್ಡದಿಂದಲೇ ಆರಂಭಿಸಿ. ಹೀಗೆ ಮಾಡಿದಾಗ ಕೆಳಗಿನ ಉದ್ದ ಕುಣಿಕೆಯ ನೆತ್ತಿಯ ಮೇಲೆ ಗಿಡ್ಡವೂ, ಗಿಡ್ಡದ ಮೇಲೆ ಉದ್ದವೂ ಬೀಳುತ್ತವೆ. ಪ್ರತಿಯೊಂದು ಸಾಲೂ ಒಂದೇ ಬಗೆಯಾದುದರಿಂದ ನೆನಪಿಡುವ ಕಷ್ಟವಿಲ್ಲ. ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಬಟ್ಟೆಯ ಮೈಯೆಲ್ಲ ನಿಂಬೆಯ ಸಿಪ್ಪೆಯಂತೆ ಹರಳು ಹರಳಾಗಿ ಕಾಣುತ್ತದೆ. ಅಗಲವೆಷ್ಟೋ ಉದ್ದವೂ ಅಷ್ಟಾದಾಗ, ಎಂದರೆ ಹೆಚ್ಚುಕಡಿಮೆ ಒಂದು ಗೇಣಿನ ಚೌಕವಾದಾಗ ನಿಲ್ಲಿಸಿ. ಮೂಲೆಯಲ್ಲಿ ಹನ್ನೆರಡು ಸರಪಳಿಯ ಒಂದು ಬಳೆ ಹೆಣೆದು ನೂಲಿನ ತುದಿಯನ್ನು ಸೇರಿಸಿ. ಈ ಬಳೆಯನ್ನು ಅಲಂಕಾರವೆಂದು ಬಿಡಬಾರದು. ಬಟ್ಟೆಯನ್ನು ತೂಗುಹಾಕಿ ಒಣಗಿಸುವುದು ಇದರಿಂದಲೇ.

ಇನ್ನಷ್ಟು ಒರಟು ಬೇಕೆನ್ನುವವರು ಗುಬುಟುಗಳನ್ನು ಸೇರಿಸಬಹುದು. ಇದಕ್ಕೆ ಇಪ್ಪತ್ತನಾಲ್ಕು ಸರಪಳಿ ಹಾಕಿ ಇಪ್ಪತ್ತಮೂರು ಗಿಡ್ಡ ಕುಣಿಕೆಗಳ ಒಂದು ಸಾಲನ್ನು ಹೆಣೆದುಕೊಳ್ಳಿ. ಮರುಸಾಲಿನಲ್ಲಿ ಮೂರು ಗಿಡ್ಡ ಕುಣಿಕೆ, ಒಂದು ಗುಬುಟು, ಮತ್ತೆ ಮೂರು ಗಿಡ್ಡ ಹೀಗೆ ಸಾಗಿದರೆ ಐದು ಗುಬುಟುಗಳು ಬರುತ್ತವೆ. ಗುಬುಟು ಮಾಡಲು ಒಂದೇ ಕುಣಿಕೆಯೊಳಗೆ ನಾಲ್ಕು ಉದ್ದ ಕುಣಿಕೆಗಳನ್ನು ಹೆಣೆಯಬೇಕು. ಆದರೆ ಪ್ರತಿಯೊಂದರ ಕೊನೆಯ ಎಳೆತವನ್ನು ಬಾಕಿ ಇಡಬೇಕು. ಕಡ್ಡಿಯ ಮೇಲೆ ಐದು ಕುಣಿಕೆಗಳು ಉಳಿದಾಗ ನೂಲು ಸುತ್ತಿ ಐದರೊಳಗಿಂದಲೂ ಒಮ್ಮೆಲೇ ಎಳೆಯಬೇಕು. ಗುಬುಟು ಹೆಣೆಯುವವರ ಕಡೆಗೆ ಉಬ್ಬದೆ ಹಿಂಬದಿಗೆ ಉಬ್ಬುತ್ತದೆ. ಆದುದರಿಂದ ಗುಬುಟಿನ ಸಾಲು ಒಂದು, ಬರಿಯ ಗಿಡ್ಡ ಕುಣಿಕೆಯ ಸಾಲು ಒಂದು ಎಂದು ಸರದಿಯಲ್ಲಿ ಹೆಣೆದರೆ ಉಬ್ಬುಗಳೆಲ್ಲ ಒಂದೇ ಬದಿಗೆ ಬರುತ್ತವೆ. ಒಂದು ಬದಿ ತಿಕ್ಕಲು, ಇನ್ನೊಂದು ಬದಿ ಒರೆಸಲು.

ತಳ ಹಿಡಿದ ಪಾತ್ರೆಗೆ, ಕಬ್ಬಿಣದ ಹಂಚಿಗೆ ಹತ್ತಿಯ ನೂಲಿನ ಜೊತೆಗೆ ಸೆಣಬಿನ ತೆಳು ಹುರಿಯನ್ನು ಸೇರಿಸಿ ಎರಡನ್ನೂ ಒಂದೇ ಎಳೆಯೆಂಬಂತೆ ಹಿಡಿದು, ಇನ್ನೂ ದಪ್ಪ ಕಡ್ಡಿಯಲ್ಲಿ ಹೆಣೆಯಬಹುದು. ಸೆಣಬು ನೀರಿನಲ್ಲಿಯೇ ನೆನೆದು ಬಿದ್ದಿದ್ದರೆ ಬೇಗ ಕೊಳೆಯುತ್ತದೆ ಎಂಬ ಎಚ್ಚರವಿರಲಿ. ಹಣ ವೆಚ್ಚ ಮಾಡಲಾಗದವರು ಹಳೆಯ ನೂಲಿನ ಸೀರೆ ಅಥವಾ ಪಂಚೆಯನ್ನು ಅರ್ಧ ಅಂಗುಲದ ಪಟ್ಟಿಗಳಾಗಿ ಹರಿದು, ಉಂಡೆ ಸುತ್ತಿ, ದಪ್ಪ ಕಡ್ಡಿಯಲ್ಲಿ ಹೆಣೆಯಲಿ. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು ಮಕ್ಕಳನ್ನು ಬೆಚ್ಚಗಿರಿಸಿದ ಉತ್ತರ ಕರ್ನಾಟಕದ ತಾಯಂದಿರಿಗೆ ಈ ಮಿತವ್ಯಯವನ್ನು ಯಾರೂ ಕಲಿಸಬೇಕಾಗಿಲ್ಲ.

ಉಬ್ಬುತಗ್ಗು ಮಾಡುವ ಉಪಕಾರವೇನೆಂದರೆ, ಉಬ್ಬಿನ ಅಂಚು ಅಂಟಿದ ಅಗುಳನ್ನು ಕೆರೆದೆಬ್ಬಿಸುತ್ತದೆ. ತಗ್ಗು ಆ ಕಸವನ್ನೂ ಸಾಬೂನಿನ ನೊರೆಯನ್ನೂ ಹಿಡಿದುಕೊಳ್ಳುತ್ತದೆ. ನುಣುಪಾದ ಬಟ್ಟೆ ಕಸವನ್ನು ಅತ್ತಿತ್ತ ಸರಿಸುತ್ತದೆ ಅಷ್ಟೆ. ಆದರೂ ಸೀದು ಕರಿಕಾದ ಪಾತ್ರೆಯೊಡನೆ ಯಾವ ಬಟ್ಟೆಯೂ ಜಗಳವಾಡಲಾರದು. ಅದನ್ನು ರಾತ್ರಿಯೇ ನೀರು ಹಾಕಿ ನೆನೆಯಿಡುವುದು ಮನೆಯವರ ಕರ್ತವ್ಯ. ನೆನೆಯಿಡದ ಪಾತ್ರೆಯ ಶಿಕ್ಷೆಯನ್ನು ಬೆಳಗ್ಗೆ ಬರುವವರ ಬೆರಳು ಅನುಭವಿಸುತ್ತದೆ.

ಒಣಗಿದ ಬಟ್ಟೆಯೇ ಶುದ್ಧ

ತೊಳೆಯುವ ಸಾಧನವೇ ಕೊಳೆಯಾಗಿದ್ದರೆ ತೊಳೆದು ಫಲವೇನು? ಜರ್ಮನಿಯ ವಿಜ್ಞಾನಿಗಳು ೨೦೧೭ರಲ್ಲಿ ಹದಿನಾಲ್ಕು ಮನೆಬಳಕೆಯ ಸ್ಪಂಜುಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಂತೆ, ಕೆಲವೆಡೆ ಒಂದು ಘನ ಸೆಂಟಿಮೀಟರಿನಷ್ಟು ಸ್ಪಂಜಿನಲ್ಲಿ ಐದು ಸಾವಿರ ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿದ್ದವು. ಅವೆಲ್ಲವೂ ರೋಗಕಾರಕಗಳಲ್ಲ, ನಿಜ. ಆದರೆ ಆಗಾಗ ಶುದ್ಧಿಗೊಳಿಸುತ್ತಿದ್ದೇವೆಂದು ಮನೆಯವರು ಹೇಳಿದ ಸ್ಪಂಜುಗಳಲ್ಲಿಯೂ ಅವುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ವಾರಕ್ಕೊಮ್ಮೆ ಸ್ಪಂಜನ್ನೇ ಬದಲಿಸಿರೆಂದು ಅವರು ಸಲಹೆ ಮಾಡಿದರು. ನಾರ್ವೆಯ ನೊಫಿಮಾ ಎಂಬ ಆಹಾರ ಸಂಶೋಧನಾ ಸಂಸ್ಥೆಯವರು ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪೂರಕವಾಗಿದೆ. ಸದಾ ಒದ್ದೆಯಾಗಿರುವ ಸ್ಪಂಜಿನಲ್ಲಿ ರೋಗಾಣುಗಳು ಬದುಕಿ ಉಳಿದರೆ, ಬಳಕೆಗಳ ನಡುವೆ ಒಣಗುವ ಬ್ರಷ್ಷಿನಲ್ಲಿ ಅವು ಸಾಯುತ್ತವೆ ಎಂದು ಅವರು ಕಂಡರು.

ಇದರ ತಾತ್ಪರ್ಯವೇನು? ನಮ್ಮ ತಿಕ್ಕುಬಟ್ಟೆಯೂ ಸಿಂಕಿನ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದರೆ ಆ ಸ್ಪಂಜಿಗಿಂತ ಮೇಲೇನಲ್ಲ. ಅದರ ಹಿರಿಮೆ ಇರುವುದು ಒಂದೇ ಪದರವಾಗಿ ಬೇಗ ಒಣಗುವುದರಲ್ಲಿ, ಮತ್ತೆ ಮತ್ತೆ ಕುದಿಸಲು ಒಗ್ಗುವುದರಲ್ಲಿ. ನಮ್ಮ ಮನೆಯಲ್ಲಿ ಈಗ ಏಳು ಬಟ್ಟೆಗಳಿವೆ, ವಾರದ ದಿನಕ್ಕೊಂದರಂತೆ. ರಾತ್ರಿ ಕೆಲಸ ಮುಗಿದೊಡನೆ ಅಂದಿನದನ್ನು ಸಾಬೂನಿನಲ್ಲಿ ಹಿಂಡಿ ತೂಗುಹಾಕುತ್ತೇವೆ. ಭಾನುವಾರ ಏಳನ್ನೂ ಐದು ನಿಮಿಷ ನೀರಿನಲ್ಲಿ ಕುದಿಸಿ ಬಿಸಿಲಿಗೆ ಹರವುತ್ತೇವೆ. ಮಾಂಸ, ಮೊಟ್ಟೆ ಬಳಸುವ ನೆರೆಹೊರೆಯವರು ಆ ಪಾತ್ರೆಗಳಿಗೆ ಬೇರೆ ಬಟ್ಟೆಯನ್ನೇ ಇಟ್ಟುಕೊಂಡು, ಬಳಸಿದ ದಿನವೇ ಕುದಿಸುವುದು ಕ್ಷೇಮ.

ಬಚ್ಚಲ ನೀರಿನ ಪಯಣ

ತಣಿಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಎಂದು ಬೆಂಗಳೂರಿನ ಸುತ್ತ 'ಸಂದ್ರ' ಎಂದು ಕೊನೆಗೊಳ್ಳುವ ಊರುಗಳು ಹಲವು. 'ಸಮುದ್ರ' ಶಬ್ದವೇ ಸವೆದು 'ಸಂದ್ರ'ವಾಯಿತೆಂದೂ, ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವ ವಾಡಿಕೆಯಿಂದ ಈ ಹೆಸರುಗಳು ಬಂದವೆಂದೂ ವಿದ್ವಾಂಸರು ವಿವರಿಸುತ್ತಾರೆ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು ನಮ್ಮದು. ನಮ್ಮ ಭಾಗದ ಯಲಹಂಕ, ಜಕ್ಕೂರು, ರಾಚೇನಹಳ್ಳಿ, ನಾಗವಾರ ಕೆರೆಗಳು ಮಣಿ ಪೋಣಿಸಿದಂತೆ ಒಂದರ ಕೆಳಗೊಂದಿದ್ದು, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುತ್ತವೆ. ಈ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮುಂತಾದ ಕಡೆಗಳ ೬೫ ಕೆರೆಗಳಿಗೆ ಏರಿಸುವ ಯೋಜನೆಯೂ ನಡೆದಿದೆ. ಅದರ ಗುರಿ ದಿನವೊಂದಕ್ಕೆ ಇಪ್ಪತ್ತೊಂದು ಕೋಟಿ ಲೀಟರು.

ಎಂದರೆ, ನಾವು ಸಿಂಕಿನಲ್ಲಿ ಚೆಲ್ಲಿದ ನೀರು ಕಣ್ಮರೆಯಾಗುವುದಿಲ್ಲ. ಅದು ಯಾವುದೋ ಊರಿನ ರೈತನ ಕೆರೆಯನ್ನು ಸೇರಬಹುದು. ಸಂಸ್ಕರಣ ಘಟಕಗಳು ಕೃತಕ ಎಳೆಗಳ ಬಹುಭಾಗವನ್ನು ತಡೆಯುತ್ತವೆ. ಆದರೆ ತಡೆದದ್ದು ಕೆಸರಿನಲ್ಲಿ ಉಳಿಯುತ್ತದೆ, ತಪ್ಪಿಸಿಕೊಂಡದ್ದು ನೀರಿನೊಡನೆ ಮುಂದೆ ಹೋಗುತ್ತದೆ. ಒಂದು ಮನೆಯ ಹಸಿರು ಸ್ಕ್ರಬ್ಬರಿನಿಂದ ಕೆರೆ ಕೆಟ್ಟಿತೆಂದು ಹೇಳುವುದು ಉತ್ಪ್ರೇಕ್ಷೆ. ಲಕ್ಷಾಂತರ ಮನೆಗಳಿರುವ ಊರಿನಲ್ಲಿ ನಮ್ಮದರ ಪಾಲು ಏನೂ ಇಲ್ಲವೆಂದು ಹೇಳುವುದೂ ಆತ್ಮವಂಚನೆ. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನವರು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತದ್ದನ್ನು ಕಂಡವರಿಗೆ ನೀರಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಬೆಲೆಯ ಪ್ರಶ್ನೆ

ಏಳು ಬಟ್ಟೆಗಳ ಸುದ್ದಿ ಅಕ್ಕಪಕ್ಕದ ಮನೆ ಮುಟ್ಟಿತು. ಮಧ್ಯಾಹ್ನದ ಹೊತ್ತು ಐದಾರು ತಾಯಂದಿರು ನಮ್ಮ ಪಡಸಾಲೆಯಲ್ಲಿ ಸೇರಿ ಹೆಣೆಯತೊಡಗಿದರು. ಮನೆಗೆಲಸದ ಆ ತಾಯಿಯೂ ಕಲಿಯಬೇಕೆಂದರು. ಮೂರು ದಿನಗಳಲ್ಲಿ ಕಲಿತರು. ಎಲ್ಲರಿಗಿಂತ ಸಮನಾದ ಸಾಲು ಅವರದೇ. ಆಗ ಅಂಗಡಿಯವರೊಬ್ಬರು ಬಟ್ಟೆಯೊಂದಕ್ಕೆ ಐವತ್ತು ರೂಪಾಯಿಯಂತೆ ಕೊಳ್ಳುವುದಾಗಿ ಹೇಳಿ ಕಳುಹಿಸಿದರು. ಎಲ್ಲರಿಗೂ ಸಂತೋಷವಾಯಿತು. ನಮ್ಮ ಮನೆಯವರು ಮಾತ್ರ ಕಾಗದ ಪೆನ್ನು ತೆಗೆದುಕೊಂಡು ಕುಳಿತರು. ನೂಲಿಗೆ ನಲವತ್ತು ರೂಪಾಯಿ. ಉಳಿಯುವುದು ಹತ್ತು. ಹೆಣೆಯಲು ಎರಡು ಗಂಟೆ. ಗಂಟೆಗೆ ಐದು ರೂಪಾಯಿ. "ಮನ್ಯಾಗ ಕುಂತು ಮಾಡೋದಲ್ಲ, ಅಷ್ಟಾದರ ಬಂತಲ್ಲ," ಎಂದು ಒಬ್ಬರು ಸಮಾಧಾನ ಹೇಳಿದರು.

ನರಸಾಪುರದ ಮಾತು ನನಗೆ ನೆನಪಾದದ್ದು ಆಗ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು ಅಲ್ಲಿಯ ಲೇಸು ಹೆಣೆಯುವ ಹೆಂಗಸರನ್ನು ಕುರಿತು ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಹೆಂಗಸರ ಕೈಕೆಲಸ ಸಮುದ್ರದಾಚೆಯ ದೇಶಗಳಿಗೆ ರಫ್ತಾಗುತ್ತಿತ್ತು. ವರ್ತಕರು ಅದರಿಂದ ಸಂಪನ್ನರಾದರು. ಹೆಣೆದವರು ಮಾತ್ರ ಬಡವರಾಗಿಯೇ ಉಳಿದರು. ಮೀಸ್ ಅವರು ಕಂಡುಕೊಂಡ ಕಾರಣ ಬಹು ಸರಳವಾದದ್ದು: ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ, ಮನೆಯಲ್ಲಿ ಕುಳಿತು ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದೇ ಎಣಿಸಿದರು. ಬಿಡುವಿನ ಕೆಲಸಕ್ಕೆ ಕೂಲಿ ಏತಕ್ಕೆ ಎಂಬ ಭಾವನೆಯೇ ದರವನ್ನು ಕೆಳಗಿಳಿಸಿತು. ನರಸಾಪುರದ ಕ್ರೋಷಾ ಲೇಸಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಲೆಗೆ ಗೌರವ ಬಂದದ್ದು ಸಂತೋಷ. ಆ ಗೌರವ ಕೈಯವರೆಗೆ ಇಳಿಯಬೇಕು.

ನಮ್ಮ ಪಡಸಾಲೆಯ ಸಭೆ ಒಂದು ತೀರ್ಮಾನಕ್ಕೆ ಬಂದಿತು. ತಮ್ಮ ಮನೆಗೆ, ಬಂಧುಗಳಿಗೆ, ಮಠದ ದಾಸೋಹದ ಅಡುಗೆಮನೆಗೆ ಎಷ್ಟು ಬೇಕಾದರೂ ಪ್ರೀತಿಯಿಂದ ಹೆಣೆದು ಕೊಡುವುದು. ಮಾರುವುದಾದರೆ ನೂಲಿನ ಬೆಲೆಯ ಮೇಲೆ ಗಂಟೆಯ ಕೂಲಿಯನ್ನು ಲೆಕ್ಕ ಹಾಕಿ ಮಾರುವುದು. ಅಷ್ಟಕ್ಕೆ ಕೊಳ್ಳುವವರಿಲ್ಲದಿದ್ದರೆ ಮಾರದಿರುವುದು. ಮನೆಗೆಲಸದ ತಾಯಿ ನಮಗಾಗಿ ಹೆಣೆದ ಬಟ್ಟೆಗೆ, ಪಾತ್ರೆ ತೊಳೆಯುವ ಗಂಟೆಗೆ ಕೊಡುವ ದರವನ್ನೇ ಕೊಡುವುದು. ಐವತ್ತು ರೂಪಾಯಿಯ ಅಂಗಡಿಯವರು ಮತ್ತೆ ಬರಲಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ

ನಾನು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಅಲ್ಲಿ ಊಟ ಮುಗಿದೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತಾಟನ್ನು ತಾನೇ ಬೂದಿಯಿಂದ ತಿಕ್ಕಿ ತೊಳೆಯಬೇಕಾಗಿತ್ತು. ಸರದಿ ಬಂದ ದಿನ ನೂರಾರು ಜನರ ಅನ್ನ ಬೆಂದ ಹಂಡೆಗಳೊಳಗೆ ಇಳಿದು ತೆಂಗಿನ ಗುಂಜಿನಿಂದ ತಿಕ್ಕಿದ್ದೂ ಉಂಟು. ಅಂದು ಅದನ್ನು ಸೇವೆಯೆಂದು ಭಾವಿಸಿ ಹೆಮ್ಮೆಪಟ್ಟಿದ್ದೆ. ಆಮೇಲೆ ಅಧ್ಯಾಪಕನಾದೆ, ಗೃಹಸ್ಥನಾದೆ, ಕಾಯಕ ದಾಸೋಹಗಳನ್ನು ಕುರಿತು ಊರೂರಿನಲ್ಲಿ ಉಪನ್ಯಾಸ ಮಾಡಿದೆ. ಒಂದು ತಾಟನ್ನೂ ತೊಳೆಯಲಿಲ್ಲ.

ಈ ಲೇಖನಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತ ಒಂದು ರಾತ್ರಿ ಉಂಡ ತಾಟನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದೆ. ನಮ್ಮ ಮನೆಯವರು ಹೆಣಿಗೆಯಿಂದ ತಲೆಯೆತ್ತದೆ ಕೇಳಿದರು: "ಪ್ರಸಾದನಿಲಯದಾಗ ನಿಮ್ಮ ತಾಟು ಯಾರು ತೊಳೀತಿದ್ರು?"

ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ತಾಟನ್ನು ಎತ್ತಿಕೊಂಡು ಹೋಗಿ, ಮೊಳೆಗೆ ತೂಗುಹಾಕಿದ್ದ ಗುರುವಾರದ ಬಟ್ಟೆಯನ್ನು ತೆಗೆದುಕೊಂಡೆ. ಅಂದಿನಿಂದ ನನ್ನ ತಾಟು, ಲೋಟ, ರಾತ್ರಿಯ ಹಾಲಿನ ಪಾತ್ರೆ ನನ್ನ ಪಾಲಿಗೆ ಬಂದಿವೆ. ಹೆಣಿಗೆಯನ್ನೂ ಕಲಿಯಲು ನೋಡಿದೆ; ನನ್ನ ಸಾಲು ನೆಟ್ಟಗೆ ಬರಲಿಲ್ಲ. ತಿಕ್ಕುವುದನ್ನು ಮಾತ್ರ ಕೈ ಮರೆತಿರಲಿಲ್ಲ.

ಪುರುಷ ಓದುಗರಲ್ಲಿ ಒಂದು ವಿನಂತಿ. ಮನೆಯ ತಾಯಂದಿರು ಈ ಬಟ್ಟೆಯನ್ನು ಹೆಣೆಯಲಿ ಎಂದು ಈ ಪುಟವನ್ನು ಅವರ ಮುಂದಿಟ್ಟು ಸುಮ್ಮನಾಗಬೇಡಿರಿ. ಅವರು ಹೆಣೆದರೆ ನೀವು ತಿಕ್ಕಿರಿ. ಮನೆಗೆಲಸಕ್ಕೆ ಬರುವವರ ಕೈಯನ್ನು ಒಂದು ದಿನವಾದರೂ ನೋಡಿರಿ. ತಂತಿಯ ನಾರನ್ನು ಅಂದೇ ತೆಗೆದಿಡಿರಿ.